ಸ್ಕ್ಯಾನ್ ಯಂತ್ರದ್ದೇ ಮಿಮಿಕ್ರಿ ಮಾಡಿದಾಗ

ಕಳೆದ ದೀಪಾವಳಿ ಮುಗಿದ ಮರುವಾರ. ಅದಕ್ಕೂ ಒಂದು ವರ್ಷ ಹಿಂದೆ, ಬಿಡದ ಕೆಮ್ಮಿಗೆಂದು ತೆಗೆಸಿದ ಸಿ.ಟಿ. ಸ್ಕ್ಯಾನಿನಲ್ಲಿ ನನ್ನ ಬಲ ಶ್ವಾಸಕೋಶದೊಳಗೆ ಕಡಲೆಬೇಳೆಗಿಂತ ಚಿಕ್ಕದೊಂದು ಚುಕ್ಕೆ ಕಂಡಿತ್ತು. "ವರ್ಷ ಬಿಟ್ಟು ಮತ್ತ ನೋಡೂಣು. ಬೆಳೆದಿದ್ರ ಸೂಜಿ ಚುಚ್ಚಿ ತುಣುಕು ತಗೀಬೇಕಾಗ್ತದ" ಎಂದಿದ್ದರು ಸೊಲ್ಲಾಪುರ ಕಡೆಯ ನಮ್ಮ ಡಾಕ್ಟರು. ವರ್ಷವಿಡೀ ಅದನ್ನು ಅವರದೇ ದನಿಯಲ್ಲಿ ಹೇಳಿ ಮನೆಯವರನ್ನು ನಗಿಸಿದೆ. ಅಕ್ಕ ಮಾತ್ರ ನಗಲಿಲ್ಲ.

ವರ್ಷ ತುಂಬಿದ ಆ ವಾರ ಪುಣೆಯ ಸ್ಕ್ಯಾನ್ ಸೆಂಟರಿಗೆ ಅವಳೇ ಕರೆದೊಯ್ದಳು. ನಾನು ಮಲಗಿದ ಮಂಚ ದೊಡ್ಡ ಉಂಗುರದಂಥ ಯಂತ್ರದೊಳಗೆ ಸರಿಯಿತು. ರೆಕಾರ್ಡ್ ಮಾಡಿದ ಹೆಣ್ಣುದನಿಯೊಂದು ಮರಾಠಿಯಲ್ಲಿ ರಾಗ ಎಳೆಯಿತು: "ಶ್ವಾಸ ಘ್ಯಾ... ರೋಖೂನ್ ಧರಾ." ಉಸಿರೆಳೆದು ಹಿಡಿಯಬೇಕು, ಅಷ್ಟೇ. ಆದರೆ ಅಂಥ ರಾಗ ಕೇಳಿದ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಅದೇ ಮೂಗುದನಿಯಲ್ಲಿ, ಮೆಲ್ಲಗೆ, ನಾನೂ ಎಳೆದೆ. ಉಸಿರೆಲ್ಲ ಹೊರಗೆ ಹೋಯಿತು.

ಅಲ್ಲೇ ಕೂರುವ ನಮ್ಮ ಡಾಕ್ಟರು ತಮ್ಮ ಕೋಣೆಯಲ್ಲಿ ಎರಡೂ ವರ್ಷದ ಚಿತ್ರ ತೆರೆದರು. ಹಳೆಯದನ್ನು ಹೊಸದರ ಮೇಲೆ ಕಂಪ್ಯೂಟರೇ ತಾನಾಗಿ ಕೂರಿಸುತ್ತದಂತೆ. ಪಕ್ಕೆಲುಬು, ರಕ್ತನಾಳಗಳ ಗುರುತು ಹಿಡಿದು, ಸರಿಸಿ, ತಿರುಗಿಸಿ. ಅದು ಹೇಗಪ್ಪಾ ಎಂದು ಕತ್ತು ಚಾಚಿ ನೋಡಿದರೆ ಪಕ್ಕೆಲುಬು ಒಂದೊಂದೂ ಎರಡೆರಡಾಗಿ ಕಾಣುತ್ತಿತ್ತು. ಚುಕ್ಕೆಯೂ ಎರಡು.

ಅಕ್ಕ ನನ್ನ ಮೊಣಕೈ ಹಿಚುಕಿದಳು. "ಎರಡಾಗ್ಯಾವೇನ್ರಿ ಡಾಕ್ಟ್ರ?"

"ಇಲ್ರೀ ಅಕ್ಕಾರ, ಚಿತ್ರ ಸರಿ ಕೂತಿಲ್ಲ. ಹೋದ ವರ್ಷ ಎದಿ ತುಂಬ ಉಸಿರಿತ್ತು, ಈಗ ಖಾಲಿ ಅದ. ಪಾಪ, ಕಂಪ್ಯೂಟರ್ ಎಷ್ಟಂತ ಎಳೀಬೇಕು?" ನನ್ನತ್ತ ತಿರುಗಿದರು. "ಉಸಿರು ಹಿಡಿದಿದ್ಯೇನೋ?"

"ಹಿಡಿದಿದ್ದೆರಿ... ಸ್ವಲ್ಪ ಮಾತಾಡಿದೆ."

"ಯಾರ ಜೋಡಿ?"

"ಮಷೀನ್ ಜೋಡಿರಿ."

ಅಕ್ಕ ತಲೆಗೊಂದು ಮೊಟಕಿದಳು. "ಇವನ ಬಾಯಾಗ ಬಟ್ಟಿ ತುರುಕಿ ಮತ್ತೊಮ್ಮೆ ತಗೀರಿ!"

ಮತ್ತೊಮ್ಮೆ ಮಲಗಿದೆ. ಅದೇ ದನಿ ಬಂತು. ಹಲ್ಲಿನ ಹಿಂದೆ ನಾಲಿಗೆ ಕುಣಿಯುತ್ತಿತ್ತು, ಕಚ್ಚಿ ಹಿಡಿದೆ. ಇಡೀ ವರ್ಷದಲ್ಲಿ ನನಗೆ ಹೆದರಿಕೆಯಾದದ್ದು ಆ ಕೆಲವೇ ಸೆಕೆಂಡು. ಯಾರ ದನಿಯೂ ಬಾಯಲ್ಲಿಲ್ಲದೆ, ಅಲ್ಲಿ ನಾನೊಬ್ಬನೇ ಉಳಿದಿದ್ದೆ.

ಈ ಸಲ ಪರದೆಯ ಮೇಲೆ ಹಳೆಯ ಪಕ್ಕೆಲುಬುಗಳು ಕೊಂಚ ವಾಲಿ, ಜರುಗಿ, ಹೊಸವುಗಳ ಮೇಲೆ ಹೋಗಿ ಕುಳಿತವು. ಎರಡು ಚುಕ್ಕೆ ಒಂದಾಯಿತು. ಡಾಕ್ಟರು ಹಳೆಯದು, ಹೊಸದು, ಹಳೆಯದು, ಹೊಸದು ಎಂದು ಬದಲಿಸಿ ಬದಲಿಸಿ ತೋರಿಸಿದರು. ಚುಕ್ಕೆ ಅಲುಗಲೇ ಇಲ್ಲ.

"ಬೆಳೆದಿಲ್ಲ. ಸೂಜಿ ಬ್ಯಾಡ" ಎಂದರು. ಮತ್ತೆ ಹಿಚುಕಿ ಹಿಡಿದಿದ್ದ ನನ್ನ ಮೊಣಕೈಯನ್ನು ಅಕ್ಕ ಆಗ ಬಿಟ್ಟಳು.

ಈಗಲೂ ಮನೆಗೆ ಯಾರಾದರೂ ಬಂದರೆ ಆ ಯಂತ್ರದ ದನಿ ಮಾಡಿಸುತ್ತಾರೆ. ಮಾಡುತ್ತೇನೆ, ನಗುತ್ತಾರೆ. ಆದರೆ ಆ ಕಂಪ್ಯೂಟರು ಹಳೆಯ ಚುಕ್ಕೆಯನ್ನು ಹೊಸ ಚುಕ್ಕೆಯ ಮೇಲೆ ಹಾಗೇ ಕೂರಿಸಿ ತೋರಿಸಿತಲ್ಲ, ಕೂದಲೆಳೆಯಷ್ಟೂ ತಪ್ಪದೆ, ಅಂಥ ಮಿಮಿಕ್ರಿ ನನಗೆ ಇವತ್ತಿಗೂ ಬಂದಿಲ್ಲ.