ಯಾರ ಪಾಲಿಗೂ ಸೇರದ ಚಪ್ಪಡಿ

ನಮ್ಮ ಭಾವ ಕನ್ನಡಕ ರಿಪೇರಿ ಮಾಡುವವರು. ಸಾಸಿವೆ ಕಾಳಿಗಿಂತ ಸಣ್ಣ ತಿರುಪನ್ನು ಒಂದೇ ಸಲಕ್ಕೆ ಕೂರಿಸುವ ಈ ಮನುಷ್ಯ, ತಮ್ಮದೇ ಮನೆ ಮೆಟ್ಟಿಲ ಬುಡದಲ್ಲಿ ಒಡೆದು ಬಾಯಿಬಿಟ್ಟ ಚಪ್ಪಡಿಯನ್ನು ತಿಂಗಳುಗಟ್ಟಲೆ ದಾಟಿಕೊಂಡು ಓಡಾಡಿದರು. ಅವರ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದೇ ಕೂತಿದ್ದೇನೆ. ಆದರೆ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವರ ಅಂಗಡಿ ಗ್ರಂಥಾಲಯದ ಪಕ್ಕದ ಸಾಲಿನಲ್ಲಿ ಮೊದಲನೆಯದು. ಮನೆ ಅಂಗಡಿಯ ಮೇಲೆ. ಗ್ರಂಥಾಲಯದ ಗೋಡೆಗೂ ಅಂಗಡಿಯ ಶಟರಿಗೂ ನಡುವೆ ಮನೆಯ ಮೆಟ್ಟಿಲು ಇಳಿಯುತ್ತದೆ. ಎದುರಿಗೆ ಕಲ್ಲು ಹಾಸಿದ ಕಾಲುದಾರಿ, ಸಾಲುಮರ, ಎರಡು ಕಲ್ಲುಬೆಂಚು. ಇದನ್ನೆಲ್ಲ ಚೆನ್ನಾಗಿಟ್ಟುಕೊಳ್ಳುವ ಖರ್ಚನ್ನು ಹಂಚಿಕೊಳ್ಳೋಣ ಎಂದು ಒಂದು ಒಪ್ಪಂದವಾಯಿತು. ಗೋಡೆಯ ಉದ್ದಕ್ಕೆ ಗ್ರಂಥಾಲಯದ ಪಾಲು, ಬಾಗಿಲುಗಳ ಉದ್ದಕ್ಕೆ ಅಂಗಡಿಯವರ ಪಾಲು, ದೀಪ ಮತ್ತು ಚರಂಡಿ ನಗರಸಭೆಯದು. ಅಂಗಡಿಯವರ ಸಂಘಕ್ಕೆ ಭಾವನೇ ಕಾರ್ಯದರ್ಶಿ. ಯಾರೂ ಬೇಡವೆಂದ ಕೆಲಸವನ್ನು ಕರೆದು ಮೈಮೇಲೆ ಹಾಕಿಕೊಳ್ಳುವುದು ಅವರ ಹುಟ್ಟುಗುಣ.

ಅಳತೆಯ ದಿನ ಟೇಪಿನ ತುದಿ ಹಿಡಿದವರೂ ಅವರೇ. ಮೆಟ್ಟಿಲ ಬುಡದಿಂದ ಹಿಡಿಯಬೇಕಾದದ್ದನ್ನು ಶಟರಿನ ಅಂಚಿನಿಂದ ಹಿಡಿದರು. ಗ್ರಂಥಾಲಯದ ಕಡೆಯವರೇನು ಕಮ್ಮಿಯೇ? ಅವರ ಟೇಪು ಗೋಡೆ ಮುಗಿಯುವ ಮೊದಲೇ ನಿಂತಿತು. ಇಬ್ಬರೂ ಎದುರಿನವರ ಕಣ್ಣಿಗೆ ಮಣ್ಣೆರಚಿದೆವೆಂದುಕೊಂಡು ಖುಷಿಯಾಗಿ ಕೈಕುಲುಕಿದರು. ಊಟಕ್ಕೆ ಕೂತಾಗ ಭಾವ, "ಒಂದು ಚಪ್ಪಡಿಯಷ್ಟು ಉಳಿಸಿದೆ ನೋಡು" ಎಂದು ಅಕ್ಕನ ಮುಂದೆ ಜಂಬ ಕೊಚ್ಚಿದರು. ಅಕ್ಕ ಇನ್ನೊಂದು ಸೌಟು ಸಾರು ಬಡಿಸಿದಳು.

ಹೀಗೆ ಯಾರ ಲೆಕ್ಕಕ್ಕೂ ಸೇರದೆ ಮೆಟ್ಟಿಲ ಬುಡದಲ್ಲಿ ಉಳಿದ ಆ ಚಪ್ಪಡಿಯನ್ನೇ ಮರದ ಬೇರು ಎತ್ತಿ ಎರಡು ಹೋಳು ಮಾಡಿತು. ಒಂದು ಹೋಳು ಗಟ್ಟಿಯಾಗಿ ಕೂತಿತ್ತು, ಇನ್ನೊಂದು ಕಾಲಿಟ್ಟರೆ ಮಗುಚುತ್ತಿತ್ತು. ಅದೇ ಹೊತ್ತಿಗೆ ಅಕ್ಕನ ಮಂಡಿಯ ಆಪರೇಷನ್ ಆಯಿತು. ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಮಡಚದಂತಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಮೆಟ್ಟಿಲೇನೋ ಕಂಬಿ ಹಿಡಿದು ಇಳಿಯುತ್ತಿದ್ದಳು. ಆ ಚಪ್ಪಡಿ ಕಂಡೊಡನೆ ಹೆದರಿ ವಾಪಸು ಹತ್ತುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಮಧ್ಯಾಹ್ನ ಗ್ರಂಥಾಲಯದ ಕಿಟಕಿ ಪಕ್ಕ ಕೂತು ಓದಿದವಳು ಈಗ ಅಡುಗೆಮನೆಯ ಕಿಟಕಿಯಿಂದ ಅದೇ ಕಟ್ಟಡವನ್ನು ನೋಡುತ್ತ ಕೂತಳು. ಮಂಡಿ ಬಿಗಿಯುತ್ತ ಬಂತು.

"ಒಂದು ಮೂಟೆ ಸಿಮೆಂಟು ತಂದು ಹಾಕೋಕೆ ಏನು ಧಾಡಿ ಭಾವ ನಿಮಗೆ?" ಎಂದು ಕೇಳಿಯೇಬಿಟ್ಟೆ.

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಇವತ್ತು ನಾವು ಹಾಕಿದ್ರೆ ನಾಳೆಯಿಂದ ಅದು ನಮ್ಮ ತಲೆಗೇ. ನ್ಯಾಯ ಅನ್ನೋದು ಒಂದಿದೆ."

"ನ್ಯಾಯಕ್ಕೆ ಮಂಡಿ ನೋಯಲ್ಲ, ಅಕ್ಕಂಗೆ ನೋಯುತ್ತೆ."

ಭಾವ ಮುಖ ಊದಿಸಿಕೊಂಡು ಪಾಲುದಾರರ ಸಭೆಗೆ ಹೋದರು. ಸಭೆಯಲ್ಲಿ ಗ್ರಂಥಪಾಲಕರು ಮರ ಮಾತ್ರ ನಮ್ಮದು, ಬೇರು ಹೋದ ಕಡೆಗೆಲ್ಲ ನಾವು ಹೊಣೆಯಲ್ಲ ಎಂದರು. ನಗರಸಭೆಯ ಇಂಜಿನಿಯರು ಅದು ದೀಪವೂ ಅಲ್ಲ, ಚರಂಡಿಯೂ ಅಲ್ಲ ಎಂದರು. ಎಲ್ಲರೂ ಟೀ ಕುಡಿದು ಕೈತೊಳೆದುಕೊಂಡರು. ಹೀಗೇ ಎಷ್ಟು ಸಭೆಗಳಾದವೋ, ನನಗಂತೂ ತಲೆ ಚಿಟ್ಟು ಹಿಡಿದುಹೋಯಿತು.

ಒಂದು ದಿನ ಬೆಳಿಗ್ಗೆ ಅಕ್ಕ, "ಆ ಬೆತ್ತದ ಕುರ್ಚಿ ಕೆಳಗೆ ತಗೊಂಡು ಬಾರೇ" ಎಂದಳು. ಅಲುಗಾಡದ ಹೋಳಿನ ಮೇಲೆ ಹಾಕಿಸಿ ಕೂತಳು. ಪಕ್ಕದ ಹೋಳು ಮಗುಚುವಂಥದ್ದು, ದಾರಿ ಪೂರ್ತಿ ಕಟ್ಟಿಹೋಯಿತು. ಅವತ್ತು ಗ್ರಂಥಾಲಯದಲ್ಲಿ ಏನೋ ಸಮಾರಂಭ. ಬಂದವರೆಲ್ಲ ಮೂಟೆಗಳಂತೆ ಅಂಗಡಿಗಳ ಮುಂದೆ ಒತ್ತೊತ್ತಾಗಿ ನಿಂತರು.

ಗ್ರಂಥಪಾಲಕರು ಓಡಿ ಬಂದರು. "ಅಮ್ಮಾ, ಇಲ್ಲೆಲ್ಲ ಕೂತ್ಕೋಬಾರ್ದು. ಇದು ಗ್ರಂಥಾಲಯದ ಜಾಗ."

ಸಮಾರಂಭಕ್ಕೆ ಬಂದಿದ್ದ ಇಂಜಿನಿಯರು ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಏನ್ರೀ ಇದು? ನಗರಸಭೆ ದಾರೀಲಿ ಕುರ್ಚಿ ಹಾಕೋಕೆ ಪರ್ಮಿಷನ್ ಇದೆಯಾ?"

ಭಾವ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡೇ ಅಂಗಡಿಯಿಂದ ಹಾರಿದರು. "ಮಾನ ಕಳೀಬೇಡ ಮಾರಾಯ್ತಿ, ಎದ್ದೇಳು! ಇದು ನಮ್ಮ ಮನೆ ಬಾಗಿಲು ಕಣೇ!"

ಅಕ್ಕ ಮೂವರ ಮುಖವನ್ನೂ ನಿಧಾನವಾಗಿ ನೋಡಿದಳು. "ಎಲ್ರೂ ಇನ್ನೊಂದ್ಸಲ ಹೇಳಿ. ಇಷ್ಟು ಜನ ಕೇಳಿಸ್ಕೊಳ್ಳಲಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗು ಸಾಲಿಡೀ ಹಬ್ಬಿತು. ಇಂಜಿನಿಯರಿಗೆ ಫೋನು ನೋಡಿಕೊಳ್ಳುವ ಕೆಲಸ ಬಂತು. ಗ್ರಂಥಪಾಲಕರು ಕೆಮ್ಮಿದರು. ಭಾವ ಭೂತಗನ್ನಡಿ ಒರೆಸತೊಡಗಿದರು. ಜನ ಅಕ್ಕನ ಕುರ್ಚಿಯನ್ನು ಸುತ್ತಿಕೊಂಡು ಕೆಳಗಿನ ಮೆಟ್ಟಿಲು ತುಳಿದು ಹೋದರು, ಒಬ್ಬರೂ ಅವಳನ್ನು ಬೈಯಲಿಲ್ಲ. ನನಗೆ ಆಗಿನ ಸಂತೋಷ ಹೇಳತೀರದು.

ಮಾರನೆಯ ದಿನ ನಗರಸಭೆಯವರು ಬಂದು ಬೇರು ಕತ್ತರಿಸಿದರು. ಗ್ರಂಥಾಲಯದಿಂದ ಮರಳು ಬಂತು. ಸಿಮೆಂಟು ಭಾವನದು. ಕರಣೆ ಕೂಡ ಅವರೇ ಹಿಡಿದರು, ಮೇಸ್ತ್ರಿಯನ್ನು ಹತ್ತಿರ ಸೇರಿಸಲಿಲ್ಲ. ಮೊಣಕಾಲೂರಿ, ಕನ್ನಡಕದ ಗಾಜು ಕೂರಿಸುವಷ್ಟು ಜೋಪಾನವಾಗಿ ಚಪ್ಪಡಿ ಕೂರಿಸಿದರು. ಅದು ಗಟ್ಟಿಯಾಗುವವರೆಗೂ ದಾರಿಹೋಕರಿಗೆಲ್ಲ "ದೂರ, ದೂರ" ಎನ್ನುತ್ತ ಅಲ್ಲೇ ನಿಂತಿದ್ದರು. ಇಷ್ಟು ಪ್ರೀತಿ ಒಳಗಿಟ್ಟುಕೊಂಡು ಇಷ್ಟು ತಿಂಗಳು ಅವಳ ಜೀವ ಹಿಂಡಿದರಲ್ಲ ಎಂದು ನನಗೆ ಅಳುವೂ ಬಂತು, ಅವರ ಬೆನ್ನಿಗೊಂದು ಗುದ್ದಬೇಕು ಎಂದೂ ಅನಿಸಿತು.

ಅಕ್ಕ ಊರುಗೋಲು ಹಿಡಿದು ಕೊನೆಯ ಮೆಟ್ಟಿಲಿಗೆ ಬಂದಳು. ಹೊಸ ಚಪ್ಪಡಿ ಅಲುಗುವುದಿಲ್ಲ ಎಂದು ಗೊತ್ತಿದ್ದರೂ ಅವಳ ಕಾಲು ಮುಂದಕ್ಕೆ ಬರಲಿಲ್ಲ. ಭಾವ ಪಕ್ಕದಲ್ಲೇ ಇದ್ದರು. ಇದ್ದು ಏನು ಮಾಡಿದರು? ಜೇಬಿನಿಂದ ಟೇಪು ತೆಗೆದು ಬಗ್ಗಿದರು. "ಮೂರು ಪಾಲು ಮಾಡಿಬಿಟ್ರೆ ಮುಂದೆ ತಕರಾರೇ ಇರಲ್ಲ..."

"ಅಳೀಬೇಡಿ" ಎಂದಳು ಅಕ್ಕ. "ಕೈ ಕೊಡಿ."

ಭಾವ ಟೇಪನ್ನು ನನ್ನ ಕೈಗೆ ತುರುಕಿ ಅವಳ ಕೈ ಹಿಡಿದರು.