ಚಾಪೆ ಬೇಡ, ಪೇಟ ಬೇಕಂತೆ

“ಮೇಡಂ, ಬಜೆಟ್‌ನಲ್ಲಿ ಸನ್ಮಾನಾನೇ ಇಲ್ವಲ್ಲ?”

ನಮ್ಮ ಫಿಸಿಯೋಥೆರಪಿಸ್ಟರ ಸಂಘದ ಕಾರ್ಯದರ್ಶಿ ನನ್ನ ಅರ್ಜಿ ಓದಿ ಕೇಳಿದರು. ಸುಂಕದಕಟ್ಟೆಯ ಗಾರ್ಮೆಂಟ್ಸ್ ಹೆಂಗಸರಿಗೆ ಬೆನ್ನುನೋವಿನ ವ್ಯಾಯಾಮ ಕಲಿಸುವ ಶಿಬಿರಕ್ಕೆ ನಾನು ಸಂಘದ ನೆರವು ಕೇಳಿದ್ದೆ. ಬೇಕಿದ್ದದ್ದು ಒಂದಷ್ಟು ಚಾಪೆ, ಅಷ್ಟೇ.

“ಚಾಪೆ ತೆಗೀರಿ. ಅಧ್ಯಕ್ಷರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಹಾಕಿ, ಪಾಸಾಗುತ್ತೆ. ಹೆಂಗಸ್ರು ನೆಲದ ಮೇಲೇ ಮಲಗ್ತಾರೆ ಬಿಡಿ.”

ಮೈಯೆಲ್ಲ ಉರಿದುಹೋಯಿತು. ಬೆನ್ನುನೋವಿನವರನ್ನು ಬರಿನೆಲದ ಮೇಲೆ ಮಲಗಿಸಿ ಎಂದವರೂ ಫಿಸಿಯೋಥೆರಪಿಸ್ಟೇ! ಅರ್ಜಿ ಕಿತ್ತುಕೊಂಡು ಎದ್ದು ಬಂದೆ. ಶಿಬಿರವಂತೂ ನಡೆಯಿತು. ಹೆಂಗಸರೇ ಮನೆಯಿಂದ ಜಮಖಾನ, ಹಳೆಯ ಬೆಡ್‌ಶೀಟ್ ತಂದು ಹಾಸಿಕೊಂಡರು.

ಮೊನ್ನೆ ಸಂಘದ ವಾಟ್ಸ್ಆ್ಯಪ್ ಗ್ರೂಪಿಗೆ ಬೇರೊಂದು ಸಮಾರಂಭದಲ್ಲಿ ಪೇಟ ಧರಿಸಿ ನಗುತ್ತಿರುವ ಅಧ್ಯಕ್ಷರ ಫೋಟೊ ಬಂತು. ಅದರ ಕೆಳಗೇ ನಾನು ಆ ಬೆಡ್‌ಶೀಟ್‌ಗಳ ಫೋಟೊ ಹಾಕಿದೆ.