ಬೇರೆ ತಟ್ಟೆ

ಕಾಂಡೋಮ್ ಹರಿದಿರಲಿಲ್ಲ, ಜಾರಿರಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನೆಲ್ಲ ಓದುವಾಗ ನಿಮಗೆ ನನ್ನ ಮೇಲೆ ಅಯ್ಯೋ ಪಾಪ ಅನ್ನಿಸಿದರೂ ಅನ್ನಿಸಬಹುದು, ಅನ್ನಿಸಬಾರದು.

ಅವಳು ಮೈಸೂರಿನಲ್ಲಿ ನನ್ನ ಜೊತೆ ಬಿ.ಎಸ್ಸಿ. ಓದಿದವಳು. ಈಗ ಹುಣಸೂರಿನಲ್ಲಿ ಕೆಲಸ ಮಾಡಿಕೊಂಡು ಒಂದು ರೂಮಿನಲ್ಲಿದ್ದಾಳೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ರೂಮಿಗೆ ಹೋಗಿದ್ದೆ. ಇಬ್ಬರಿಗೂ ಇಷ್ಟವಿತ್ತು, ಇಬ್ಬರಿಗೂ ಬುದ್ಧಿಯೂ ಇತ್ತು, ಆದ್ದರಿಂದ ಪ್ಯಾಕೆಟ್ಟೂ ಇತ್ತು. ಖಾಲಿ ಕವರನ್ನು ಅಲ್ಲಿ ಬಿಸಾಡಿದರೆ ಓನರ್ ಆಂಟಿ ನೋಡುತ್ತಾರೆ ಅಂತ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೊರಟೆ. ಹಾರನಹಳ್ಳಿ ಹತ್ತಿರದ ನಮ್ಮೂರಿಗೆ ಬೈಕಿನಲ್ಲಿ ಬರುವಾಗ ಪಿರಿಯಾಪಟ್ಟಣ ದಾಟುತ್ತಿದ್ದಂತೆ ಗಂಟಲು ಕೆರೆಯಿತು. ಮುಂದೆ ಜಲ್ಲಿ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದು ಲಾರಿಯ ಧೂಳು ಎಂದು ಎಂಥ ದಡ್ಡನಿಗಾದರೂ ಗೊತ್ತಾಗುತ್ತಿತ್ತು. ನಾನು ಬೈಕ್ ನಿಲ್ಲಿಸಿ, ಕನ್ನಡಿಯನ್ನು ನನ್ನ ಕಡೆ ತಿರುಗಿಸಿ, ನಾಲಿಗೆ ಚಾಚಿ ನೋಡಿಕೊಂಡೆ.

ಆ ನಾಲಿಗೆ ನೋಡುವ ಚಟ ಆಮೇಲೆ ಬಿಡಲೇ ಇಲ್ಲ. ಫೋನಿನಲ್ಲಿ ಎಚ್.ಐ.ವಿ. ಲಕ್ಷಣಗಳನ್ನು ಹುಡುಕಿದೆ. ಸುಸ್ತು ಅಂತ ಬರೆದಿದ್ದರು, ತಕ್ಷಣ ಸುಸ್ತಾಯಿತು. ಕೀಲು ನೋವು ಅಂತ ಬರೆದಿದ್ದರು, ಓದುತ್ತಿದ್ದ ಹಾಗೇ ಮೊಣಕೈ ಹಿಡಿದುಕೊಂಡಿತು. ಈ ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವನು ನಾನು. ತಟ್ಟೆ, ಲೋಟ, ಟವೆಲ್ಲುಗಳಿಂದ ಹರಡುವುದಿಲ್ಲ ಎಂದು ಅಡಿಗೆರೆ ಎಳೆದು ಬರೆದಿದ್ದೆ. ಪರೀಕ್ಷೆ ಬರೆಯುವಾಗ ರೋಗ ಬೇರೆ ಯಾರದೋ ಆಗಿತ್ತು.

ನಮ್ಮ ಮನೆಯಲ್ಲಿ ನಾನು ಉಂಡ ತಟ್ಟೆಯಲ್ಲೇ ಅವ್ವ ಉಣ್ಣುತ್ತಾಳೆ. ನಾನು ಚಿಕ್ಕವನಿದ್ದಾಗ ಬಿಟ್ಟ ಮುದ್ದೆಯನ್ನು ದಂಡ ಮಾಡಬಾರದು ಅಂತ ಶುರುವಾದದ್ದು, ನಾನು ಮೀಸೆ ಬಂದವನಾದ ಮೇಲೂ ನಿಲ್ಲಲಿಲ್ಲ. ಹೊಲಕ್ಕೆ ಬುತ್ತಿ ತಂದರೂ ತಟ್ಟೆ ಒಂದೇ. ನಾನು ಎದ್ದ ಮೇಲೆ ಅದೇ ಸಾರಿಗೆ ತನ್ನ ಮುದ್ದೆ ಹಾಕಿಕೊಂಡು ಕೂರುತ್ತಾಳೆ. ಆ ದಿನ ರಾತ್ರಿ ಅವಳು ನನ್ನ ತಟ್ಟೆಗೆ ಕೈ ಚಾಚಿದಳು. ನಾನು ಅದನ್ನು ಕಿತ್ತುಕೊಂಡು ಬಚ್ಚಲಿಗೆ ಓಡಿದೆ. ಹಿಂದಿರುಗಿ ನೋಡಿದರೆ ಅವಳ ಕೈ ಇನ್ನೂ ಹಾಗೇ ಚಾಚಿಕೊಂಡಿತ್ತು.

ಮಾರನೇ ದಿನ ಅಟ್ಟದಿಂದ ಒಂದು ಸೊಟ್ಟ ತಟ್ಟೆ ಇಳಿಸಿಕೊಂಡೆ. ಬೇರೆ ಲೋಟ, ಬೇರೆ ಸೋಪು ಮಾಡಿಕೊಂಡೆ. ನನ್ನ ಬಟ್ಟೆ ನಾನೇ ಒಗೆದೆ. ನಡುಮನೆ ಬಿಟ್ಟು ಹೊಗೆಸೊಪ್ಪು ಗ್ರೇಡ್ ಮಾಡುವ ಕೊಟ್ಟಿಗೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದೆ. ಮಾಂಸ ಒಳಗೆ ಇಳಿಯಲೇ ಇಲ್ಲ. ಅಪ್ಪನೂ ನಾನೂ ಬಳಸುತ್ತಿದ್ದ ಶೇವಿಂಗ್ ಸೆಟ್ಟನ್ನು ಸೊಪ್ಪು ಒಣಗಿಸುವ ಬ್ಯಾರನ್ನಿನ ಹಿಂದೆ ಗುಂಡಿ ತೋಡಿ ಹೂತೆ. ಇಷ್ಟರ ನಡುವೆ ಇನ್ನೊಂದು ಭೂತ ಹಿಡಿಯಿತು: ಆ ಪ್ಯಾಕೆಟ್ಟಿನ ಡೇಟ್ ಮುಗಿದಿದ್ದರೆ? ಜೇಬು ತಡಕಿದೆ, ಕವರ್ ಇಲ್ಲ. ಬೈಕಿನ ಸೀಟಿನಡಿ, ಬಚ್ಚಲು, ಒಗೆಯುವ ಕಲ್ಲು, ಎಲ್ಲ ಕಡೆ ಹುಡುಕಿದೆ. ಎಲ್ಲೂ ಸಿಗಲಿಲ್ಲ.

ಕೊನೆಗೆ ಹುಣಸೂರಿನವಳಿಗೇ ಫೋನ್ ಮಾಡಿ, "ಆರೋಗ್ಯ ಹೇಗಿದೆ?" ಅಂದೆ. ಚೆನ್ನಾಗಿದೆ ಅಂದಳು. ಸಂಜೆ ಮತ್ತೆ ಮಾಡಿ ಅದನ್ನೇ ಕೇಳಿದೆ. ಮೂರನೆಯ ಸಲಕ್ಕೆ ಅವಳಿಗೆ ಅರ್ಥವಾಯಿತು.

"ಅಷ್ಟು ಭಯ ಇದ್ರೆ ಹೋಗಿ ಟೆಸ್ಟ್ ಮಾಡಿಸ್ಕೊ. ನಾನೂ ಮಾಡಿಸ್ಕೊತೀನಿ, ನೀನೇನು ಭಾರಿ ಸಾಚಾನಾ?" ಅಂದಳು. "ರಿಸಲ್ಟ್ ಬಂದ ಮೇಲೆ ಫೋನ್ ಮಾಡು, ಅಲ್ಲೀವರೆಗೂ ಬೇಡ."

ನನ್ನಿಂದ ಅವಳಿಗೆ ಏನಾದರೂ ಬಂದಿರಬಹುದು ಎಂಬ ಯೋಚನೆ ಆ ಕ್ಷಣದವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆದರೆ ಭಯ ಏನೂ ಕಡಿಮೆಯಾಗಲಿಲ್ಲ.

ಟೆಸ್ಟ್ ಎಲ್ಲಿ ಮಾಡಿಸುವುದು? ಹುಣಸೂರಿನಲ್ಲಿ ಹೊಗೆಸೊಪ್ಪು ಹರಾಜಿಗೆ ಬಂದವರೆಲ್ಲ ನಮ್ಮವರೇ. ಪಿರಿಯಾಪಟ್ಟಣದ ಆಸ್ಪತ್ರೆಯ ಎದುರಿನ ಟೀ ಅಂಗಡಿ ನಮ್ಮ ಮಾವನದು. ಎಚ್.ಡಿ. ಕೋಟೆಯಲ್ಲಿ ಅತ್ತೆ ಇದ್ದಾಳೆ, ಅವಳಿಗೆ ಒಂದು ವಿಷಯ ಗೊತ್ತಾದರೆ ಪೇಪರಿಗೆ ಬೇರೆ ಹಾಕಿಸಬೇಕಿಲ್ಲ. ಉಳಿದದ್ದು ಕೆ.ಆರ್. ನಗರ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಸಲಹೆ ಕೊಡುವ ಒಬ್ಬ ಮೇಡಂ ಕುಳಿತಿದ್ದರು.

"ಕಾಂಡೋಮ್ ಹರೀತಾ?"

"ಇಲ್ಲ ಮೇಡಂ."

"ಜಾರಿತಾ?"

"ಇಲ್ಲ."

"ಮತ್ತೆ ಏನಾಯ್ತು?"

"ಭಯ ಆಯ್ತು ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಅದಕ್ಕೆ ನಮ್ಮ ಹತ್ರ ಟೆಸ್ಟ್ ಇಲ್ಲಪ್ಪ," ಅಂದರು. ಸರಿಯಾಗಿ ಬಳಸಿದ್ದರೆ ಅಪಾಯ ತುಂಬಾ ಕಡಿಮೆ, ಆದರೂ ಸಮಾಧಾನಕ್ಕೆ ಈಗೊಮ್ಮೆ ರಕ್ತ ಕೊಡು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಬಾ, ಆಗ ಖಚಿತವಾಗಿ ಹೇಳಬಹುದು ಅಂದರು. ಡೇಟ್ ನೋಡಿದ್ದೆಯಾ ಅಂತ ಕೇಳಿದರು. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಅವತ್ತಿನ ಟೆಸ್ಟಿನಲ್ಲಿ ಏನೂ ಇರಲಿಲ್ಲ. ನನ್ನ ಕಿವಿಗೆ ಮಾತ್ರ 'ಇನ್ನೊಮ್ಮೆ ಬಾ' ಅನ್ನುವುದಷ್ಟೇ ಕೇಳಿಸಿತ್ತು.

ಊರಿಗೆ ಬಂದರೆ ಅಪ್ಪ ಅಂಗಳದಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. ಜಗಲಿಯ ಮೇಲೆ ಹಿಟ್ಟಿನ ಗಿರಣಿ ನಡೆಸುವ ಗುರುಸ್ವಾಮಿಗಳು ಕುಳಿತಿದ್ದರು. ಪ್ರತಿ ವರ್ಷ ನಮ್ಮೂರಿನವರಿಗೆ ಮಾಲೆ ಹಾಕಿಸಿ ಶಬರಿಮಲೆಗೆ ಕರೆದುಕೊಂಡು ಹೋಗುವವರು ಅವರೇ.

"ನನ್ ಶೇವಿಂಗ್ ಸೆಟ್ ಎಲ್ಲೋಯ್ತಲಾ? ಅಲ್ಲ, ಏನ್ಲಾ ನಿಂದು? ಬೇರೆ ಉಣ್ತೀಯ, ಬೇರೆ ಮಲಗ್ತೀಯ, ಗಡ್ಡ ಬುಟ್ಟಿದೀಯ!" ಅಂತ ಅಪ್ಪ ಕೂಗಿದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿಂದ ಬಂದಳು. "ಅವನ್ನ ಯಾಕ್ ಬೈತೀರಿ? ಈ ಸಲ ಮಾಲೆ ಹಾಕ್ತಾವ್ನೆ ಕಣ್ರೀ. ಈಗ್ಲಿಂದ್ಲೇ ಮಡೀಲವ್ನೆ."

ಗುರುಸ್ವಾಮಿಗಳು ಎದ್ದು ನಿಂತರು. ಮಾಂಸ ಬಿಟ್ಟಿದ್ದೀಯಾ ಅಂದರು, ಬಿಟ್ಟಿದ್ದೆ. ಚಾಪೆಯ ಮೇಲೆ ಮಲಗುತ್ತಿದ್ದೀಯಾ ಅಂದರು, ಮಲಗುತ್ತಿದ್ದೆ. ಮನಸ್ಸಿನಲ್ಲಿ ಹೆಣ್ಣಿನ ಯೋಚನೆ? ಬರೀ ಹೆದರಿಕೆಯ ಯೋಚನೆ ಅಂದೆ. "ನೋಡಿ, ಭಕ್ತಿ ಅಂದ್ರೆ ಇದು ಕಣ್ರೀ! ಬೇರೆಯೋರಿಗೆ ಮಾಲೆ ಹಾಕಿದ್ ಮೇಲೂ ಬರಾಕಿಲ್ಲ ಇದು," ಅಂತ ನನ್ನ ತಲೆಯ ಮೇಲೆ ಕೈಯಿಟ್ಟರು. ಶಬರಿಮಲೆಯ ಮಂಡಲ ಪೂಜೆ ಶುರುವಾದ ದಿನ ನನ್ನ ಕೊರಳಿಗೆ ಮಾಲೆ ಬಿತ್ತು, ಮೈಗೆ ಕಪ್ಪು ಬಟ್ಟೆ ಬಂತು.

ಅಲ್ಲಿಂದ ನಾನು ಸ್ವಾಮಿಯಾದೆ. ಬೆಳಗಾಗೆದ್ದು ಅವ್ವ "ಏಳ್ಲಾ ಸ್ವಾಮಿ" ಅಂತ ಎಬ್ಬಿಸುತ್ತಿದ್ದಳು. ಅಪ್ಪ ಹೊಸ ಸೆಟ್ ತಂದು, ಮಗ ಅದನ್ನು ಮುಟ್ಟುವುದಿಲ್ಲ ಎಂಬ ಖುಷಿಯಲ್ಲಿ ಹಾಡಿಕೊಂಡು ಗಡ್ಡ ಕೆರೆದುಕೊಳ್ಳುತ್ತಿದ್ದ. ಭಜನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಶರಣು ಕೂಗುವಾಗ ನಾನು ಕತ್ತಿನ ಎರಡೂ ಕಡೆ ಗಂಟು ಬಂದಿದೆಯಾ ಎಂದು ಒತ್ತಿ ನೋಡಿಕೊಳ್ಳುತ್ತಿದ್ದೆ. ಅದು ಏನೋ ವಿಶೇಷ ಮುದ್ರೆ ಅಂದುಕೊಂಡು ಪಕ್ಕದ ಇಬ್ಬರು ಸ್ವಾಮಿಗಳೂ ಕತ್ತು ಒತ್ತಿಕೊಳ್ಳಲು ಶುರು ಮಾಡಿದರು. ಒಂದು ದಿನ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದು ನನ್ನ ಕಾಲಿಗೆ ಬಿದ್ದರು. ಬೇಗ ಮಗುವಾಗಲಿ ಅಂತ ಹರಸಬೇಕಂತೆ. ಹುಷಾರಾಗಿರಿ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಅಕ್ಷತೆ ಹಾಕಿದೆ.

ತಟ್ಟೆಯದೊಂದು ರಗಳೆ ಉಳಿದಿತ್ತು. ನಾನೇ ತೊಳೆಯುತ್ತೇನೆ ಅಂದರೆ ಅವ್ವ ಬಿಡಲಿಲ್ಲ, "ಸ್ವಾಮಿ ತಟ್ಟೆ ತೊಳೆಯೋ ಪುಣ್ಯ ನಂಗೆ ಬುಡು," ಅಂದಳು. ಗುರುಸ್ವಾಮಿಗಳೂ ಅವಳ ಪರವೇ. ತೊಳೆದರೆ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಉಂಡ ಸೊಟ್ಟ ತಟ್ಟೆಯನ್ನು ಅಲ್ಲೇ ಬಿಟ್ಟು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದೆ.

ಮೇಡಂ ಹೇಳಿದ ವಾರಗಳು ಕಳೆದವು. ಚುಂಚನಕಟ್ಟೆಗೆ ಹೋಗಿ ಹೊಳೆಯಲ್ಲಿ ಸ್ನಾನ ಮಾಡಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ, ಸ್ನಾನವನ್ನೂ ನಿಜವಾಗಿ ಮಾಡಿ, ಅಲ್ಲಿಂದ ಕೆ.ಆರ್. ನಗರದ ಬಸ್ ಹತ್ತಿದೆ. ಕಪ್ಪು ಬಟ್ಟೆಯವನು ಆಸ್ಪತ್ರೆಯಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ "ಸ್ವಾಮಿಯೇ ಶರಣಂ" ಅಂದರು. "ಸ್ವಾಮಿನ ಮುಂದಕ್ಕೆ ಬುಡ್ರಪ್ಪ" ಎಂದು ಒಬ್ಬರು ದಾರಿ ಮಾಡಿದರು. "ಏನ್ ಟೆಸ್ಟು ಸ್ವಾಮಿ?" ಎಂದು ಒಬ್ಬಜ್ಜಿ ಕೇಳಿತು. ಶುಗರ್ ಅಂದೆ. ಅಜ್ಜಿ ನನ್ನ ಕೈ ಹಿಡಿದು ಶುಗರ್ ನೋಡುವಲ್ಲಿಗೇ ಕರೆದೊಯ್ದು ಕೂರಿಸಿತು. ಬೆರಳು ಚುಚ್ಚಿಸಿಕೊಂಡೆ. ಶುಗರ್ ನಾರ್ಮಲ್ ಇತ್ತು. ಹೊರಗೆ ಬಂದರೆ ಬೆಂಚಿನ ಮೇಲಿದ್ದವರೆಲ್ಲ ತಲೆ ಬಗ್ಗಿಸಿದರು, ಒಬ್ಬೊಬ್ಬರ ತಲೆ ಮುಟ್ಟುತ್ತಾ ಮುಟ್ಟುತ್ತಾ ಹೇಗೋ ಮೇಡಂ ಕೋಣೆ ಸೇರಿಕೊಂಡೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟೊಂದು ಹೆದರಿಬಿಟ್ರಾ?" ಅಂದರು.

ರಕ್ತ ಕೊಟ್ಟು ಕಾದು ಕುಳಿತೆ. ಜೀವಮಾನದಲ್ಲಿ ಮೊದಲ ಸಲ ಮನಸಾರೆ ಶರಣು ಹೇಳಿದ್ದು ಆ ಬೆಂಚಿನ ಮೇಲೆ. ಅವರು ಒಳಗೆ ಕರೆದು, "ಏನೂ ಇಲ್ಲ. ಎಲ್ಲ ಸರಿ ಇದೆ. ಇನ್ನು ಈ ವಿಷಯ ಬಿಟ್ಟುಬಿಡಿ ಸ್ವಾಮಿ," ಅಂದರು. ಅತ್ತುಬಿಟ್ಟೆ. ಅವರು ಟಿಶ್ಯೂ ಕೊಟ್ಟರು. ಆಚೆ ಬಂದು ಹುಣಸೂರಿನವಳಿಗೆ ಫೋನ್ ಮಾಡಿದೆ. "ನಂದೂ ಏನಿಲ್ಲ," ಅಂದಳು. "ಸಂತೋಷ. ಇಷ್ಟು ಪುಕ್ಕಲು ಇರೋನ ಜೊತೆ ಮುಂದೆ ಮಾತಾಡೋದಾ ಬೇಡ್ವಾ, ನಾನು ಯೋಚ್ನೆ ಮಾಡ್ಬೇಕು." ಅವಳು ಯೋಚಿಸುತ್ತಲೇ ಇದ್ದಾಳೆ.

ನಾನು ಊರು ತಲುಪುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು. ಸ್ವಾಮಿ ಕೆ.ಆರ್. ನಗರದ ಆಸ್ಪತ್ರೆಗೆ ಹೋಗಿ ರೋಗಿಗಳಿಗೆಲ್ಲ ಆಶೀರ್ವಾದ ಮಾಡಿದನಂತೆ! ನಾನು ಸೀದಾ ಒಳಗೆ ಹೋಗಿ ಹಳೆಯ ತಟ್ಟೆ ತೆಗೆದು, "ಬಾರವ್ವ, ಒಟ್ಗೆ ಉಣ್ಣಾನ," ಅಂದೆ. ಅವ್ವ ತಟ್ಟೆ ಕಿತ್ತುಕೊಂಡಳು. "ಮಾಲೇಲಿದ್ದು ಅಂಗೆಲ್ಲ ಆಡ್ಬಾರ್ದು ಕಣ್ಲಾ ಸ್ವಾಮಿ." ಮತ್ತದೇ ಸೊಟ್ಟ ತಟ್ಟೆ ಬಂತು.

ಮಲೆ ಹತ್ತಿ ಇಳಿದು ಬಂದೆ. ಮಾಲೆ ತೆಗೆದ ಮಧ್ಯಾಹ್ನ ಅಪ್ಪ ಹರಾಜಿಗೆ ಹೋಗಿದ್ದ. ಅವ್ವ ಹಳೆಯ ತಟ್ಟೆಯಲ್ಲಿ ಮುದ್ದೆ, ಉಪ್ಸಾರು ಬಡಿಸಿದಳು. ಉಂಡೆ. ನಾನು ಏಳುವ ಮೊದಲೇ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಆಸ್ಪತ್ರೇಲಿ ಏನಂದ್ರು?"

ಸುಳ್ಳು ಹುಡುಕಿದೆ, ಸಿಗಲಿಲ್ಲ. "ಏನೂ ಇಲ್ಲ ಅಂದ್ರು," ಅಂದೆ.

"ಇರಾಕಿಲ್ಲ ಅಂತ ನಂಗೊತ್ತಿತ್ತು. ಅವತ್ತಿನ್ ಮಾರ್ನೆ ದಿನ ನೀನ್ ಏಳೋಕ್ ಮುಂಚೆ ನಿನ್ ಪ್ಯಾಂಟ್ ಒಗೆಯೋವಾಗ ಜೇಬಲ್ಲಿ ಕವರ್ ಸಿಕ್ತು. ಹೊಲದ ಔಷಧಿ ಡಬ್ಬಕ್ಕೆ ನೋಡ್ದಂಗೆ ಡೇಟ್ ನೋಡ್ದೆ. ಇನ್ನೂ ಟೈಮಿತ್ತು. ನಿಮ್ಮಪ್ಪ ನೋಡ್ತಾನೆ ಅಂತ ಒಲೆಗೆ ಹಾಕ್ದೆ."

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ಏನಂತ ಕೇಳ್ಲಿ ಮಗ? ನೀನ್ ಬೇರೆ ತಟ್ಟೆ ತಗಂಡಾಗ ಡೇಟು ಗೀಟು ಎಲ್ಲ ಮರ್ತು ನಂಗೂ ಎದೆ ಜಲ್ ಅಂತು. ನಿಮ್ಮಪ್ಪ ಕೂಗಾಡೋಕೆ ಶುರು ಮಾಡ್ತು, ಬಾಯಿಗೆ ಮಾಲೆ ಅಂತ ಬಂತು, ಅಂದ್ಬುಟ್ಟೆ. ಮಾಲೆ ಹಾಕ್ದೋರು ಬೇರೆ ಉಂಡ್ರೆ ಯಾರ್ ಕೇಳ್ತಾರೆ?" ಅವಳು ಮುದ್ದೆ ಮುರಿದಳು. "ಆ ಸೊಟ್ಟ ತಟ್ಟೆನ ಬರೀ ತೊಳ್ದಿಡ್ತಿದ್ದೆ ಅನ್ಕಂಡಿದ್ಯಾ? ದಿನಾ ಅದ್ರಲ್ಲೇ ಉಂಡು ಆಮೇಲ್ ತೊಳ್ದಿರೋದು."

ತಟ್ಟೆಯಿಂದ ಬರುವುದಿಲ್ಲ ಎಂದು ಅಡಿಗೆರೆ ಎಳೆದು ಬರೆದವನು ನಾನು. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಉಂಡಿದ್ದಳು.

"ಅವ್ವ, ನಂಗೆ ನಿಜವಾಗ್ಲೂ ಬಂದಿದ್ರೆ?"

"ಬಂದಿದ್ರೆ ಇಬ್ರೂ ಒಟ್ಗೆ ಆಸ್ಪತ್ರೆಗೆ ಓಗಿ ಬತ್ತಿದ್ವಿ ಬುಡು," ಎಂದು ಅವಳು ತುತ್ತನ್ನು ಸಾರಿಗೆ ಅದ್ದಿದಳು. "ನಂಗೆಂಗೂ ಬಸ್ಸು ಫ್ರೀ."